ಸುಂಕದ ಕಟ್ಟೆಯಿಂದ ಸಂಯುಕ್ತ ರಾಜ್ಯಕ್ಕೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ನಾಡಿನ ಹಳೆಯ ಮಾತು. ಆದರೆ ಸುಂಕದವನೇ ಮನೆಮನೆಯ ಬಾಗಿಲಿಗೆ ಹೋಗಿ ತನ್ನ ಸುಖದುಃಖವನ್ನು ತೋಡಿಕೊಳ್ಳಬೇಕಾಗಿ ಬಂದ ಸರಕಾರವೂ ಚರಿತ್ರೆಯಲ್ಲಿ ಒಂದುಂಟು. 1781ರಿಂದ 1789ರ ವರೆಗೆ ಅಮೆರಿಕದ ಹದಿಮೂರು ರಾಜ್ಯಗಳ ಮೇಲೆ ಹೆಸರಿಗೆ ಮಾತ್ರ ಅಧಿಕಾರ ನಡೆಸುತ್ತಿದ್ದ ಕಾಂಗ್ರೆಸ್ ಸಭೆಯೇ ಅದು. ಪ್ರತ್ಯೇಕವಾಗಿರುವ ರಾಜ್ಯಗಳು ಒಂದು ಸಂವಿಧಾನದ ಕೆಳಗೆ ಏಕೆ ಕೂಡಬೇಕೆಂಬುದಕ್ಕೆ ಕಳೆದ ಎರಡು ಶತಮಾನಗಳಲ್ಲಿ ಹೇಳಲಾದ ಕಾರಣಗಳು ಹಲವು: ಶತ್ರುಭಯ, ವಾಣಿಜ್ಯಲಾಭ, ಸ್ವಾತಂತ್ರ್ಯರಕ್ಷಣೆ, ಲೋಕಶಾಂತಿ. ಇವುಗಳಲ್ಲಿ ಭವ್ಯವಾದವುಗಳನ್ನು ಸಭೆಗಳಲ್ಲಿ ಘೋಷಿಸುವುದು ವಾಡಿಕೆ. ಆದರೆ ಈ ವಾದಪರಂಪರೆಯನ್ನು ಮೊದಲಿನಿಂದ ಅನುಸರಿಸಿಕೊಂಡು ಬಂದವನಿಗೆ, ಎಲ್ಲ ಕಾರಣಗಳ ಅಡಿಯಲ್ಲಿಯೂ ಒಂದು ಶುಷ್ಕವಾದ, ಗುಮಾಸ್ತೆಯ ಮೇಜಿನ ಮೇಲಿನ ಪ್ರಶ್ನೆಯೇ ಕುಳಿತಿರುವಂತೆ ತೋರುತ್ತದೆ: ಮೇಲಿನ ಸರಕಾರದ ಆಜ್ಞಾಪತ್ರವು ಯಾರ ವಿಳಾಸಕ್ಕೆ ಹೋಗತಕ್ಕದ್ದು? ರಾಜ್ಯಕ್ಕೋ, ಆ ರಾಜ್ಯದಲ್ಲಿ ವಾಸಿಸುವ ಮನುಷ್ಯನಿಗೋ?

ಪ್ರಾಚೀನರಿಗೆ ಕೂಟಗಳು ಅಪರಿಚಿತವಾಗಿರಲಿಲ್ಲ. ಗ್ರೀಸಿನಲ್ಲಿ ಅಕಾಯಾದ ನಗರಗಳ ಕೂಟವಿದ್ದಿತು. ಏಷ್ಯಾ ಮೈನರಿನ ಲಿಸಿಯಾದಲ್ಲಿ 23 ಪಟ್ಟಣಗಳು ಕೂಡಿ, ದೊಡ್ಡ ಪಟ್ಟಣಕ್ಕೆ ಮೂರು ಮತ, ನಡುವಣದಕ್ಕೆ ಎರಡು, ಸಣ್ಣದಕ್ಕೆ ಒಂದು ಎಂದು ವಿಧಿಸಿಕೊಂಡು, ತೆರಿಗೆಯ ಭಾರವನ್ನೂ ಅದೇ ಪ್ರಮಾಣದಲ್ಲಿ ಹಂಚಿಕೊಂಡಿದ್ದವೆಂದು ಸ್ಟ್ರಾಬೋ ಬರೆದಿದ್ದಾನೆ. 1748ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಈ ಲಿಸಿಯಾವನ್ನು ಮೆಚ್ಚಿ ಉದಾಹರಿಸಿದನು. ಪ್ರಜಾರಾಜ್ಯ ಚಿಕ್ಕದಾದರೆ ಹೊರಗಿನವರು ನುಂಗುವರು, ದೊಡ್ಡದಾದರೆ ಒಳಗಿನ ದೋಷದಿಂದ ಕೊಳೆಯುವುದು, ಆದುದರಿಂದ ಚಿಕ್ಕ ಪ್ರಜಾರಾಜ್ಯಗಳು ಕೂಡಿ ದೊಡ್ಡದರ ಬಲವನ್ನು ಪಡೆಯಬೇಕು ಎಂಬುದು ಅವನ ಮತ. ಕೂಟ ಕೂಡಿದ ಮೇಲೆ ಒಬ್ಬ ಸದಸ್ಯನು ಮಾತು ಕೇಳದಿದ್ದರೆ ಮಾಡತಕ್ಕದ್ದೇನು ಎಂಬುದನ್ನು ಮಾತ್ರ ಅವನು ಹೆಚ್ಚು ಕೆದಕಲಿಲ್ಲ.

ಅದನ್ನು ಕೆದಕುವ ಕೆಲಸ ಅಮೆರಿಕದವರ ಪಾಲಿಗೆ ಬಂದಿತು. ಅವರ ಮೊದಲ ಒಪ್ಪಂದದ ಪ್ರಕಾರ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಕಾಂಗ್ರೆಸ್ಸಿನಲ್ಲಿ ಒಂದೊಂದೇ ಮತ. ಮುಖ್ಯ ವಿಷಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಒಪ್ಪಂದವನ್ನೇ ತಿದ್ದಬೇಕಾದರೆ ಹದಿಮೂರೂ ಒಪ್ಪಬೇಕು. ತೆರಿಗೆ ಹಾಕುವ ಹಕ್ಕು ಕಾಂಗ್ರೆಸ್ಸಿಗೆ ಕಿಂಚಿತ್ತೂ ಇಲ್ಲ. ಯುದ್ಧದ ಸಾಲ ತೀರಿಸಲು, ಸಿಪಾಯಿಗಳ ಬಾಕಿ ಸಂಬಳ ಕೊಡಲು, ಅದು ಪ್ರತಿ ರಾಜ್ಯಕ್ಕೂ ಇಂತಿಷ್ಟು ಕಳುಹಿಸಬೇಕೆಂದು ಕಾಗದ ಬರೆಯುತ್ತಿತ್ತು. ರಾಜ್ಯಗಳು ಓದಿ, ಅನುಕೂಲವಿದ್ದರೆ ಸ್ವಲ್ಪ ಕಳುಹಿಸುತ್ತಿದ್ದವು, ಇಲ್ಲದಿದ್ದರೆ ನೆರೆಯವರು ಕೊಟ್ಟರೇ ಎಂದು ವಿಚಾರಿಸುತ್ತಿದ್ದವು. ಹೊರಗಿನಿಂದ ಬರುವ ಸರಕಿಗೆ ನೂರಕ್ಕೆ ಐದರಂತೆ ಸುಂಕ ಹಾಕಲು ಅನುಮತಿ ಬೇಡಿದಾಗ, 1782ರಲ್ಲಿ, ಎಲ್ಲಕ್ಕಿಂತ ಪುಟ್ಟ ರಾಜ್ಯವಾದ ರೋಡ್ ಐಲೆಂಡ್ ಒಲ್ಲೆನೆಂದಿತು, ಪ್ರಸ್ತಾವ ಅಲ್ಲಿಗೇ ಬಿದ್ದುಹೋಯಿತು. ಇತ್ತ ನ್ಯೂಜೆರ್ಸಿಗೆ ದೊಡ್ಡ ಬಂದರು ಇರಲಿಲ್ಲವಾಗಿ, ಅಲ್ಲಿಯ ಜನ ಒಂದು ಪಕ್ಕದಲ್ಲಿ ನ್ಯೂಯಾರ್ಕಿನ, ಇನ್ನೊಂದು ಪಕ್ಕದಲ್ಲಿ ಫಿಲಡೆಲ್ಫಿಯದ ಬಂದರಿಗೆ ಬಂದ ಸರಕನ್ನೇ ಕೊಂಡು, ನೆರೆರಾಜ್ಯಗಳ ಬೊಕ್ಕಸವನ್ನು ತುಂಬುತ್ತಿದ್ದರು.

ಸಂಯುಕ್ತ ಸಂವಿಧಾನದ ಬೀಜ ಬಿದ್ದದ್ದು ಯಾವ ತತ್ತ್ವಜ್ಞಾನಿಯ ಕೋಣೆಯಲ್ಲಿಯೂ ಅಲ್ಲ, ಒಂದು ಹೊಳೆಯ ವಿಷಯವಾದ ಮಾತುಕತೆಯಲ್ಲಿ. ಪೊಟೊಮ್ಯಾಕ್ ನದಿಯಲ್ಲಿ ದೋಣಿಸಂಚಾರ ಹೇಗೆ ನಡೆಯಬೇಕೆಂದು ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಪ್ರತಿನಿಧಿಗಳು 1785ರಲ್ಲಿ ವಾಷಿಂಗ್ಟನ್ನನ ಮನೆಯಲ್ಲಿ ಸೇರಿದರು. ಅದರಿಂದ ಮರುವರ್ಷ ಅನ್ನಪೊಲಿಸ್‌ನಲ್ಲಿ ವ್ಯಾಪಾರಕ್ಕಾಗಿ ಐದು ರಾಜ್ಯಗಳ ಸಭೆ. ಅದರಿಂದ 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯದಲ್ಲಿ ರಾಜ್ಯಾಂಗ ಸಭೆ. ಒಟ್ಟು 55 ಮಂದಿ ಪಾಲ್ಗೊಂಡ ಆ ಸಭೆಯ ಕೊನೆಯಲ್ಲಿ, ಸೆಪ್ಟೆಂಬರ್ 17ರಂದು, 39 ಮಂದಿ ರುಜು ಹಾಕಿದರು. ರೋಡ್ ಐಲೆಂಡ್ ಯಾರನ್ನೂ ಕಳುಹಿಸಿಯೇ ಇರಲಿಲ್ಲ.

ಆ ಕರಡನ್ನು ನ್ಯೂಯಾರ್ಕಿನ ಜನ ಒಪ್ಪುವಂತೆ ಮಾಡಲು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ ಎಂಬ ಮೂವರು 'ಪಬ್ಲಿಯಸ್' ಎಂಬ ಒಂದೇ ಕಾವ್ಯನಾಮದಿಂದ 1787ರ ಅಕ್ಟೋಬರ್ 27ರಿಂದ ವೃತ್ತಪತ್ರಿಕೆಗಳಲ್ಲಿ ಬರೆಯತೊಡಗಿದ ಲೇಖನಗಳು 85. ಜೇ ಕಾಯಿಲೆ ಬಿದ್ದುದರಿಂದ ಅವನ ಪಾಲಿನದು ಐದೇ. ಹ್ಯಾಮಿಲ್ಟನ್ನನವು ಐವತ್ತಕ್ಕೆ ಮೇಲೆ. ವಾರಕ್ಕೆ ಮೂರು ನಾಲ್ಕು ಲೇಖನಗಳನ್ನು ಅಚ್ಚಿಗೆ ಒದಗಿಸುವ ಈ ಅವಸರದ ಬರಹವೇ ಮುಂದೆ ಶಾಸ್ತ್ರಗ್ರಂಥವೆನಿಸಿತೆಂಬುದು ಪತ್ರಿಕೆಗೆ ಬರೆಯುವವರೆಲ್ಲ ನೆನೆದು ಸಮಾಧಾನಪಟ್ಟುಕೊಳ್ಳಬಹುದಾದ ಸಂಗತಿ. ಮೊದಲ ಲೇಖನಗಳಲ್ಲಿರುವುದು ಪುರಾತನವಾದ ಭಯವಾದವೇ: ಬೇರೆಬೇರೆಯಾಗಿದ್ದರೆ ಯೂರೋಪಿನ ಅರಸರು ಒಬ್ಬೊಬ್ಬರನ್ನಾಗಿ ಮುರಿಯುವರು, ಇಲ್ಲವೆ ನಾವೇ ನಮ್ಮಲ್ಲಿ ಬಡಿದಾಡುವೆವು. ಹದಿನೈದನೆಯ ಲೇಖನದಲ್ಲಿ ಹ್ಯಾಮಿಲ್ಟನ್ ನಿಜವಾದ ಗಾಯಕ್ಕೆ ಬೆರಳಿಡುತ್ತಾನೆ. ಹಳೆಯ ವ್ಯವಸ್ಥೆಯ ಮೂಲದೋಷವೆಂದರೆ ಅದು ರಾಜ್ಯಗಳಿಗಾಗಿ ಶಾಸನ ಮಾಡಿತು, ವ್ಯಕ್ತಿಗಳಿಗಾಗಿ ಮಾಡಲಿಲ್ಲವೆಂಬುದು. ಒಬ್ಬ ವರ್ತಕನು ಸುಂಕ ಕೊಡದಿದ್ದರೆ ಅವನ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಒಂದು ರಾಜ್ಯವೇ ಕೊಡದಿದ್ದರೆ ಅದರ ಮೇಲೆ ಸೈನ್ಯವನ್ನು ಕಳುಹಿಸಬೇಕು, ಅಂದರೆ ಪ್ರತಿಯೊಂದು ಬಾಕಿ ವಸೂಲಿಯೂ ಒಂದೊಂದು ಅಂತರ್ಯುದ್ಧವಾಗಬೇಕು. ಆದಕಾರಣ ಕೇಂದ್ರದ ಕಾನೂನು ರಾಜ್ಯದ ಹೆಬ್ಬಾಗಿಲಲ್ಲಿ ನಿಂತು ಅಪ್ಪಣೆ ಕಾಯದೆ, ನೇರವಾಗಿ ಪ್ರಜೆಯನ್ನು ಮುಟ್ಟಬೇಕು. ಹತ್ತನೆಯ ಲೇಖನದಲ್ಲಿ ಮ್ಯಾಡಿಸನ್ನನು, ರಾಜ್ಯ ವಿಸ್ತಾರವಾದಷ್ಟೂ ಪಕ್ಷಗಳು ಹೆಚ್ಚಿ ಯಾವ ಒಂದು ಪಕ್ಷವೂ ಉಳಿದವರನ್ನು ತುಳಿಯಲಾರದೆಂದು ಹೇಳಿ ಮಾಂಟೆಸ್ಕ್ಯೂವಿನ ಸೂತ್ರವನ್ನೇ ತಿರುವು ಮುರುವು ಮಾಡಿದನು. ವಿದ್ವಾಂಸರು ಹೆಚ್ಚಾಗಿ ಕೊಂಡಾಡುವುದು ಅದನ್ನು. ನನ್ನ ತಕ್ಕಡಿಯಲ್ಲಿ ಹ್ಯಾಮಿಲ್ಟನ್ನನ ವಸೂಲಿ ಲೆಕ್ಕವೇ ಹೆಚ್ಚು ತೂಗುತ್ತದೆ.

ವಿರೋಧಿಗಳು ಮಂದಮತಿಗಳಾಗಿರಲಿಲ್ಲ. ರಿಚ್ಮಂಡಿನ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ, ಸಂವಿಧಾನದ ಪೀಠಿಕೆ ರಾಜ್ಯಗಳ ಹೆಸರಿನಲ್ಲಿ ತೊಡಗದೆ ಜನರ ಹೆಸರಿನಲ್ಲಿ ಏಕೆ ತೊಡಗಿತೆಂದು ಗುಡುಗಿದನು. ವಿಳಾಸ ಬದಲಾದುದನ್ನು ಅವನಂತೆ ಚುರುಕಾಗಿ ಗುರುತಿಸಿದವರು ವಿರಳ. ಹಕ್ಕುಗಳ ಪಟ್ಟಿಯಿಲ್ಲವೆಂಬ ಅವರ ಆಕ್ಷೇಪಣೆ ಗೆದ್ದು, 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಒಪ್ಪಿಗೆಯಾದರೂ ಸುಲಭವಾಗಿ ದೊರೆಯಲಿಲ್ಲ: ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27, ಕಡೆಗೆ 1790ರ ಮೇ ತಿಂಗಳಲ್ಲಿ ರೋಡ್ ಐಲೆಂಡಿನಲ್ಲಿ 34ಕ್ಕೆ 32. ಕಾನೂನು ಮುಟ್ಟಬೇಕಾದ ಆ 'ಪ್ರಜೆ'ಯ ಲೆಕ್ಕದಲ್ಲಿ ಗುಲಾಮನು ಐದರಲ್ಲಿ ಮೂರು ಪಾಲಾಗಿ ಮಾತ್ರ, ಅದೂ ತನ್ನ ಒಡೆಯನ ರಾಜ್ಯದ ಸ್ಥಾನಗಳನ್ನು ಹೆಚ್ಚಿಸಲಿಕ್ಕಾಗಿ, ಎಣಿಸಲ್ಪಟ್ಟನು. ಆ ಲೆಕ್ಕದ ಬಾಕಿಯನ್ನು 1861ರಿಂದ ನಾಲ್ಕು ವರ್ಷಗಳ ರಕ್ತಪಾತದಲ್ಲಿ ತೀರಿಸಬೇಕಾಯಿತು.

ಸ್ವಿಟ್ಜರ್ಲೆಂಡಿನ ಕಥೆ ಚಿಕ್ಕದು. 1815ರ ಒಪ್ಪಂದದಲ್ಲಿ ಕೂಡಿದ 22 ಕ್ಯಾಂಟನುಗಳ, ಅಂದರೆ ಅಲ್ಲಿಯ ರಾಜ್ಯಗಳ, ಪ್ರತಿನಿಧಿಗಳು ತಂತಮ್ಮ ಕ್ಯಾಂಟನು ಕೊಟ್ಟ ಸೂಚನೆಯಂತೆಯೇ ಮತ ನೀಡಬೇಕಾಗಿದ್ದಿತು. ಏಳು ಕ್ಯಾಥೊಲಿಕ್ ಕ್ಯಾಂಟನುಗಳು ಪ್ರತ್ಯೇಕ ಕೂಟ ಕಟ್ಟಿಕೊಂಡಾಗ, 1847ರ ನವೆಂಬರಿನಲ್ಲಿ ಒಕ್ಕೂಟದ ಸೇನಾಪತಿ ಡುಫೂರನು ಒಂದು ತಿಂಗಳೊಳಗೆ, ಸುಮಾರು ನೂರು ಮಂದಿಯ ಸಾವಿನಲ್ಲಿ ಯುದ್ಧವನ್ನು ಮುಗಿಸಿದನು. ಮರುವರ್ಷದ ಸಂವಿಧಾನವು ಅಮೆರಿಕದ ಎರಡು ಸದನಗಳ ಮಾದರಿಯನ್ನು ಅನುಸರಿಸಿ, ಒಳಸುಂಕಗಳನ್ನು ತೆಗೆಯಿಸಿ, ಕ್ಯಾಂಟನುಗಳಿಗೆ ಅದರ ಪರಿಹಾರ ಕಟ್ಟಿಕೊಟ್ಟಿತು. ಈ ಎರಡು ದೇಶಗಳನ್ನು ಎದುರಿಗಿಟ್ಟುಕೊಂಡು ಜಾನ್ ಸ್ಟುವರ್ಟ್ ಮಿಲ್ಲನು 1861ರಲ್ಲಿ, ಸರಕಾರಗಳಿಗೆ ಮಾತ್ರ ಆಜ್ಞೆ ಕೊಡುವ ಕೂಟ, ನೇರವಾಗಿ ನಾಗರಿಕನಿಗೆ ಆಜ್ಞೆ ಕೊಡುವ ಕೂಟ ಎಂದು ಎರಡು ಜಾತಿಗಳನ್ನು ವಿಂಗಡಿಸಿದನು; ಹ್ಯಾಮಿಲ್ಟನ್ನನ ವಾದ ಆಗ ಪಠ್ಯಪುಸ್ತಕದ ವರ್ಗೀಕರಣವಾಯಿತು.

ಕೆನಡದವರು 1864ರಲ್ಲಿ ಕ್ವಿಬೆಕ್ಕಿನಲ್ಲಿ 72 ನಿರ್ಣಯಗಳನ್ನು ಬರೆಯುತ್ತಿದ್ದಾಗ ಗಡಿಯಾಚೆ ಅಮೆರಿಕದ ತೋಪುಗಳ ಸದ್ದು ಇನ್ನೂ ಅಡಗಿರಲಿಲ್ಲ. ರಾಜ್ಯಗಳಿಗೆ ಉಳಿಕೆ ಅಧಿಕಾರವನ್ನು, ಅಂದರೆ ಹೆಸರಿಸದೆ ಉಳಿದ ವಿಷಯಗಳ ಮೇಲಿನ ಅಧಿಕಾರವನ್ನು, ಬಿಟ್ಟದ್ದೇ ಆ ಅನಾಹುತಕ್ಕೆ ಕಾರಣವೆಂದು ಅವರ ನಾಯಕ ಜಾನ್ ಮ್ಯಾಕ್ಡೊನಾಲ್ಡನು ವಾದಿಸಿ, ಉಳಿಕೆಯನ್ನು ಕೇಂದ್ರಕ್ಕೆ ಕೊಡಿಸಿದನು. ವಿಧಿಯ ಪರಿಹಾಸವೇ ಸರಿ: ಲಂಡನ್ನಿನ ಪ್ರಿವಿ ಕೌನ್ಸಿಲಿನ ತೀರ್ಪುಗಳಿಂದ ಕೆನಡದಲ್ಲಿ ಪ್ರಾಂತಗಳು ಬಲಿತವು, ಉಳಿಕೆಯನ್ನು ರಾಜ್ಯಗಳಿಗೆ ಬಿಟ್ಟ ಅಮೆರಿಕದಲ್ಲಿ ಕೇಂದ್ರ ಬಲಿತಿತು.

ಆಸ್ಟ್ರೇಲಿಯದಲ್ಲಿ ಒಕ್ಕೂಟದ ವಾದವನ್ನು ಕಣ್ಣಾರೆ ಕಾಣಬೇಕಾದರೆ ಮರ್ರೆ ನದಿಯ ದಂಡೆಯ ಆಲ್ಬರಿ ಸ್ಟೇಷನ್ನಿಗೆ ಹೋಗಬೇಕಾಗಿದ್ದಿತು. ನ್ಯೂ ಸೌತ್ ವೇಲ್ಸಿನ ಹಳಿಗಳ ಅಂತರ ನಾಲ್ಕು ಅಡಿ ಎಂಟೂವರೆ ಅಂಗುಲ, ವಿಕ್ಟೋರಿಯದ್ದು ಐದು ಅಡಿ ಮೂರು ಅಂಗುಲ. ಸಿಡ್ನಿಯಿಂದ ಮೆಲ್ಬರ್ನಿಗೆ ಹೊರಟ ಪ್ರಯಾಣಿಕನು ಅಲ್ಲಿ ಇಳಿದು, ಪೆಟ್ಟಿಗೆ ಹೊರಿಸಿಕೊಂಡು ಉದ್ದನೆಯ ಪ್ಲಾಟ್‌ಫಾರಂ ದಾಟಿ, ಬೇರೆ ಗಾಡಿ ಹತ್ತಬೇಕು. ಜೊತೆಗೆ ಹೊಳೆಯ ಉದ್ದಕ್ಕೂ ಸುಂಕದ ಅಧಿಕಾರಿಗಳು, ಒಂದು ದಂಡೆಯಲ್ಲಿ ಮುಕ್ತವ್ಯಾಪಾರದ ಮತ, ಇನ್ನೊಂದರಲ್ಲಿ ಸಂರಕ್ಷಣ ಸುಂಕದ ಮತ. 1895ರಲ್ಲಿ ಆ ದಾರಿಯಲ್ಲಿ ಬಂದ ಮಾರ್ಕ್ ಟ್ವೇನನು ಈ ಗಾಡಿ ಬದಲಾವಣೆಯನ್ನು ಮನಸಾರೆ ಗೇಲಿ ಮಾಡಿದ್ದಾನೆ. 1889ರಲ್ಲಿ ಟೆಂಟರ್‌ಫೀಲ್ಡಿನಲ್ಲಿ ನ್ಯೂ ಸೌತ್ ವೇಲ್ಸಿನ ನಾಯಕ ಹೆನ್ರಿ ಪಾರ್ಕ್ಸನು ಮಾಡಿದ ಪ್ರಸಿದ್ಧ ಭಾಷಣದಲ್ಲಿಯೂ ಸೈನ್ಯದ ಜೊತೆಗೆ ರೈಲ್ವೆ ಹಳಿಯ ಮಾತು ಬರುತ್ತದೆ. ಅಲ್ಲಿಯ ವೈಶಿಷ್ಟ್ಯವೆಂದರೆ ಕರಡನ್ನು ಜನರ ನೇರ ಮತಕ್ಕೆ ಹಾಕಿದ್ದು. 1898ರಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ಪರವಾಗಿ ಹೆಚ್ಚು ಮತ ಬಿದ್ದರೂ, ವಿಧಿಸಿದ್ದ 80,000ದ ಕನಿಷ್ಠ ಸಂಖ್ಯೆ ಮುಟ್ಟಲಿಲ್ಲವಾಗಿ ಸೋತು, ಮರುವರ್ಷ ಗೆದ್ದಿತು. 1901ರ ಜನವರಿ 1ರಂದು ಒಕ್ಕೂಟ ಹುಟ್ಟಿತು. ರಾಜ್ಯರಾಜ್ಯಗಳ ನಡುವಣ ವ್ಯಾಪಾರ ಸಂಪೂರ್ಣ ಮುಕ್ತವಾಗಿರಬೇಕೆಂದು ಸಂವಿಧಾನದ 92ನೆಯ ವಿಧಿ ಸಾರಿತು. ಹಳಿಗಳು ಮಾತ್ರ ಸಂವಿಧಾನಕ್ಕೆ ಕಿವಿಗೊಡಲಿಲ್ಲ. ಸಿಡ್ನಿ–ಮೆಲ್ಬರ್ನ್‌ಗಳ ನಡುವೆ ಒಂದೇ ಅಳತೆಯ ದಾರಿ ತೆರೆದದ್ದು 1962ರಲ್ಲಿ.

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ವಾದವು ಲೋಕಶಾಂತಿಯ ಎತ್ತರಕ್ಕೆ ಏರಿತು. 1939ರಲ್ಲಿ ಅಮೆರಿಕದ ಪತ್ರಕರ್ತ ಕ್ಲಾರೆನ್ಸ್ ಸ್ಟ್ರೈಟ್ ಪ್ರಜಾಪ್ರಭುತ್ವ ದೇಶಗಳೆಲ್ಲ ಒಂದಾಗಬೇಕೆಂದು ಬರೆದನು. ವೆಂಟೊಟೆನೆ ದ್ವೀಪದಲ್ಲಿ ಮುಸೊಲಿನಿಯ ಬಂಧನದಲ್ಲಿದ್ದ ಇಟಲಿಯ ಸ್ಪಿನೆಲ್ಲಿ ಮತ್ತು ಅವನ ಸಂಗಡಿಗರು 1941ರಲ್ಲಿ ಐಕ್ಯ ಯೂರೋಪಿನ ಘೋಷಣಾಪತ್ರವನ್ನು ರಚಿಸಿದರು. ಫಲಿಸಿದ್ದು ಈ ಎತ್ತರದ ಕನಸಲ್ಲ. 1951ರಲ್ಲಿ ಆರು ದೇಶಗಳು ಸಹಿ ಹಾಕಿದ ಕಲ್ಲಿದ್ದಲು–ಉಕ್ಕಿನ ಒಪ್ಪಂದ. ಅದರ ಉಚ್ಚಾಧಿಕಾರ ಮಂಡಲಿಗೆ ಗಣಿ ಮತ್ತು ಉಕ್ಕಿನ ಕಂಪನಿಗಳಿಂದ ಉತ್ಪಾದನೆಯ ಮೇಲೆ ನೇರವಾಗಿ ತೆರಿಗೆಯೆತ್ತುವ ಹಕ್ಕಿದ್ದಿತು. ಹ್ಯಾಮಿಲ್ಟನ್ ಕಂಡಿದ್ದರೆ ತಲೆದೂಗುತ್ತಿದ್ದನು.

ನಮ್ಮ ದೇಶದಲ್ಲಿ ಈ ವಾದ ಬೇರೆ ದಾರಿ ಹಿಡಿಯಿತು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಬ್ರಿಟಿಷ್ ಪ್ರಾಂತಗಳೂ ದೇಶೀಯ ಸಂಸ್ಥಾನಗಳೂ ಕೂಡಿದ ಒಕ್ಕೂಟವನ್ನು ಬೆಂಬಲಿಸಿದವರಲ್ಲಿ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರೂ ಒಬ್ಬರು. ಮೈಸೂರಿನ ಮನಸ್ಸಿನಲ್ಲಿ ಆಗಲೂ ಒಂದು ಹಣದ ಲೆಕ್ಕವಿದ್ದಿತು: 1799ರ ಒಪ್ಪಂದದಿಂದ ಬಂದ, ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳ ಕಪ್ಪಕಾಣಿಕೆ. 1935ರ ಶಾಸನವು ಒಕ್ಕೂಟದ ಚೌಕಟ್ಟನ್ನು ಹಾಕಿಕೊಟ್ಟಿತು. ಆದರೆ ಅದು ಜಾರಿಗೆ ಬರಲು, ಮೇಲ್ಮನೆಯಲ್ಲಿ ಕಡಮೆಯೆಂದರೆ 52 ಸ್ಥಾನಗಳಿಗೆ ಅರ್ಹರಾದ, ಸಂಸ್ಥಾನಗಳ ಒಟ್ಟು ಜನಸಂಖ್ಯೆಯ ಅರ್ಧವನ್ನಾದರೂ ಆಳುವ ಅರಸರು ಒಪ್ಪಬೇಕಾಗಿದ್ದಿತು. ಸಂಸ್ಥಾನದ ಪ್ರತಿನಿಧಿಗಳನ್ನು ಆರಿಸುವವನು ಅರಸ. ಒಕ್ಕೂಟದ ಕಾನೂನನ್ನು ತನ್ನ ಅಧಿಕಾರಿಗಳ ಮೂಲಕವೇ ನಡೆಸುವೆನೆಂದು ಷರತ್ತು ಹಾಕಬಲ್ಲವನೂ ಅರಸ. ಪತ್ರದ ವಿಳಾಸ ಮತ್ತೆ ಅರಮನೆಯದೇ ಆಯಿತು. ಅರಸರು ಲೆಕ್ಕಹಾಕುತ್ತಲೇ ಕುಳಿತಿರಲು 1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದು ಆ ಯೋಜನೆ ಮೂಲೆ ಸೇರಿತು.

1947ರ ಆಗಸ್ಟಿನಲ್ಲಿ ಮೈಸೂರಿನ ಅರಸರಾದ ಜಯಚಾಮರಾಜ ಒಡೆಯರು ರುಜು ಹಾಕಿದ, ಭಾರತಕ್ಕೆ ಸೇರುವ ಪ್ರವೇಶಪತ್ರದಲ್ಲಿಯೂ ಕೇಂದ್ರಕ್ಕೆ ಬಿಟ್ಟದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರೇ ವಿಷಯಗಳನ್ನು. ಅಲ್ಲಿಂದ ಮೂರು ವರ್ಷ ತುಂಬುವುದರೊಳಗಾಗಿ ಚಿತ್ರ ಪೂರ್ತಿ ಬದಲಾಯಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕರಾವಳಿ ಸೀಮೆಯವರಾದ ಬೆನೆಗಲ್ ನರಸಿಂಗ ರಾಯರು ಅಮೆರಿಕ, ಕೆನಡ, ಐರ್ಲೆಂಡುಗಳನ್ನು ಸುತ್ತಿ ಅಲ್ಲಿಯ ಅನುಭವವನ್ನು ಕೇಳಿಕೊಂಡು ಬಂದರು. ಉಳಿಕೆ ಅಧಿಕಾರ ಕೆನಡದಂತೆ ಕೇಂದ್ರಕ್ಕೆ, ವ್ಯಾಪಾರ ಸ್ವಾತಂತ್ರ್ಯದ ವಿಧಿ ಆಸ್ಟ್ರೇಲಿಯದ ಜಾಡಿನಲ್ಲಿ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸಿದ ಅಂಬೇಡ್ಕರರು, ಈ ಒಕ್ಕೂಟ ಘಟಕಗಳ ಒಪ್ಪಂದದಿಂದ ಹುಟ್ಟಿದುದಲ್ಲ, ಆದುದರಿಂದ ಬಿಟ್ಟುಹೋಗುವ ಹಕ್ಕು ಯಾವ ಘಟಕಕ್ಕೂ ಇಲ್ಲ, ಅಮೆರಿಕನರು ಯುದ್ಧ ಮಾಡಿ ಸ್ಥಾಪಿಸಿದುದನ್ನು ನಾವು ಮೊದಲೇ ಬರೆದಿಡುವುದು ಲೇಸು ಎಂದು ವಿವರಿಸಿದರು. ಸಂಸ್ಥಾನಗಳ ಪಾಲಿಗೆ ಈ ಮಾತು ಎಷ್ಟರಮಟ್ಟಿಗೆ ಚರಿತ್ರೆ, ಎಷ್ಟರಮಟ್ಟಿಗೆ ಸಂಕಲ್ಪ ಎಂದು ಕೇಳುವವರು ಕೇಳಬಹುದು. ಒಡೆಯರ ರುಜು ಒಪ್ಪಂದವಲ್ಲದೆ ಮತ್ತೇನು? ಆದರೆ 1950ರ ಏಪ್ರಿಲ್ 1ರಿಂದ ಹಣಕಾಸಿನ ಏಕೀಕರಣವಾಗಿ, ಮೈಸೂರಿನ ರೈಲ್ವೆ ಕೇಂದ್ರಕ್ಕೆ ಸೇರಿ, ಕೇಂದ್ರದ ಆದಾಯತೆರಿಗೆಯ ನೋಟೀಸು ಬೆಂಗಳೂರಿನ ವರ್ತಕನ ಅಂಗಡಿಯ ವಿಳಾಸಕ್ಕೇ ಬಂದಾಗ ಆ ಪ್ರಶ್ನೆಗೆ ಬೆಲೆ ಉಳಿಯಲಿಲ್ಲ.

ಆಲ್ಬರಿಯಂಥ ಸ್ಥಳ ನಮ್ಮಲ್ಲಿಯೂ ಇದ್ದಿತು. ತುಂಗಭದ್ರೆಯ ಈ ದಡದ ಹೊಸಪೇಟೆ ಮದರಾಸು ಪ್ರಾಂತದ್ದು, ಆ ದಡದ ಮುನಿರಾಬಾದು ನಿಜಾಮರದು. ಎರಡು ದಡದಲ್ಲಿಯೂ ಮಾತು ಕನ್ನಡವೇ. ಈ ದಡದಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಕಲ್ದಾರ್ ರೂಪಾಯಿ, ಆ ದಡದಲ್ಲಿ ನಿಜಾಮರ ಹಾಲಿ ಸಿಕ್ಕಾ. ಆರು ಕಲ್ದಾರಿಗೆ ಏಳು ಹಾಲಿ. ಹೊಳೆ ದಾಟಿದ ಸರಕಿಗೆ ಕರೋಡಗಿರಿ ಎಂಬ ನಿಜಾಮರ ಸುಂಕದ ಇಲಾಖೆಯವರ ಸುಂಕ. ದೇಶದಾದ್ಯಂತ ವ್ಯಾಪಾರ ಮುಕ್ತವೆಂದು 301ನೆಯ ವಿಧಿಯಲ್ಲಿ ಸಾರಿದ ಅದೇ ಸಂವಿಧಾನ, ಹೈದರಾಬಾದಿನಂಥ ರಾಜ್ಯಗಳು ಇನ್ನು ಕೆಲವು ವರ್ಷ ಒಳಸುಂಕವನ್ನು ಎತ್ತಿಕೊಳ್ಳಬಹುದೆಂದು 306ನೆಯ ವಿಧಿಯಲ್ಲಿ ಸಂದು ಬಿಟ್ಟಿದ್ದಿತು. ಆ ವಿಧಿಯನ್ನು ತೆಗೆದುಹಾಕಿದ್ದು 1956ರ ಏಳನೆಯ ತಿದ್ದುಪಡಿ, ಎರಡು ದಡಗಳನ್ನೂ ಒಂದೇ ರಾಜ್ಯಕ್ಕೆ ಸೇರಿಸಿದ ನವೆಂಬರ್ 1ರಂದೇ.