ಹೂವಿನ ಬದಲು ಸ್ಟಾಂಪು



ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಗಜ್ರಾ ಕೊಳ್ಳುವಾಗ ಊರಿನ ಮೊಳ ಮಲ್ಲಿಗೆ ನೆನಪಾಗದೆ ಇರುತ್ತದೆಯೇ? ಮನೆಯಾಕೆಗೆ ಹೂ ತರುವುದು ನಮ್ಮಲ್ಲಿ ದಿನನಿತ್ಯದ ಮಾತು. ಅಮೆರಿಕದ ಹೈಸ್ಕೂಲು, ಕಾಲೇಜುಗಳ ನೃತ್ಯಕೂಟಗಳಲ್ಲಿ ಮಾತ್ರ ಅದು ಹುಡುಗರಿಗೊಂದು ಪರೀಕ್ಷೆಯೇ ಆಗಿತ್ತು!

ಜೊತೆಗೆ ಕುಣಿಯಲು ಒಪ್ಪಿದ ಹುಡುಗಿಗೆ ಹುಡುಗ ‘ಕೊರ್ಸಾಜ್’ ತರಬೇಕು. ಈ ಫ್ರೆಂಚ್ ಪದಕ್ಕೆ ಮೂಲದಲ್ಲಿ ಹೂವೆಂಬ ಅರ್ಥವೇ ಇಲ್ಲ. ಉಡುಪಿನ ಎದೆಭಾಗ, ನಮ್ಮ ರವಿಕೆಯಂಥದ್ದು. ಅಲ್ಲಿ ಸಿಕ್ಕಿಸುವ ಹೂವಿಗೇ ಆ ಹೆಸರು ಅಂಟಿಕೊಂಡಿತು. ಹುಡುಗನ ಕೋಟಿನ ಹೂವು ‘ಬೂಟನಿಯರ್’. ಅದರ ಅರ್ಥ ಗುಂಡಿಯ ಕಾಜ, ಅಷ್ಟೆ.

1930ರ ದಶಕದಲ್ಲಿ ಕೊರ್ಸಾಜ್‌ಗಳ ರಾಣಿ ಎಂದರೆ ಆರ್ಕಿಡ್. ಬೀಜದಿಂದ ಹೂ ಬಿಡಲು ಐದಾರು ವರ್ಷ ಹಿಡಿಯುವ ಗಿಡ, ಬೆಲೆಯೂ ಹಾಗೆಯೇ. ಜೇಬು ಹಗುರವಿದ್ದವನು ಕಾರ್ನೇಷನ್ ತಂದರೆ, ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಆ ಹುಡುಗನ ಸಂಕಟವನ್ನು ನೀವೇ ಊಹಿಸಿಕೊಳ್ಳಿ.

1941ರ ಡಿಸೆಂಬರಿನಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಸರ್ಕಾರ ಮಾರುತ್ತಿದ್ದ 10 ಸೆಂಟು, 25 ಸೆಂಟಿನ ಯುದ್ಧ ಉಳಿತಾಯ ಸ್ಟಾಂಪುಗಳನ್ನೇ ದಳಗಳಂತೆ ಜೋಡಿಸಿ, ರಿಬ್ಬನ್ ಕಟ್ಟಿ ಕೊರ್ಸಾಜ್ ಮಾಡುವ ರೂಢಿ ಬಂತು. ಅನೇಕ ನೃತ್ಯಕೂಟಗಳಲ್ಲಿ ಹುಡುಗಿಯರ ಭುಜದ ಮೇಲೆ ಅರಳಿದ್ದು ಇದೇ ಕಾಗದದ ಹೂವು. ಅದು ಬಾಡುವಂಥದ್ದಲ್ಲ. ಮನೆಗೆ ಬಂದು ಬಿಚ್ಚಿ ಆಲ್ಬಮ್ಮಿಗೆ ಅಂಟಿಸಬಹುದು. 25 ಸೆಂಟಿನವು 75 ಸೇರಿದರೆ 18.75 ಡಾಲರಿನ ಬಾಂಡು. ಹತ್ತು ವರ್ಷಕ್ಕೆ ಕೈಗೆ 25 ಡಾಲರು.

ಕಾರ್ನೇಷನ್ ತರಲು ನಾಚುತ್ತಿದ್ದವನಿಗೆ ಈಗ ತಲೆ ತಗ್ಗಿಸುವ ಕಾರಣವಿರಲಿಲ್ಲ. ಆದರೆ ಆ ಹಣ ಹೋಗುತ್ತಿದ್ದುದು ಯುದ್ಧಕ್ಕೆ. 1942ರ ನವೆಂಬರಿನಲ್ಲಿ ಕಡ್ಡಾಯ ಸೈನ್ಯ ಸೇವೆಯ ವಯಸ್ಸು 20ರಿಂದ 18ಕ್ಕೆ ಇಳಿಯಿತು. ಆ ರಾತ್ರಿ ಕುಣಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಕರೆ ಕಾದಿತ್ತು. ಹತ್ತು ವರ್ಷದ ನಂತರ ಬಾಂಡಿನ ಹಣ ಎಣಿಸಿಕೊಂಡ ಹುಡುಗಿಯರಲ್ಲಿ ಕೆಲವರಿಗೆ, ಹೂ ಕೊಟ್ಟವನು ಇರಲೇ ಇಲ್ಲ.

1945ರಲ್ಲಿ ಯುದ್ಧ ಮುಗಿದು ನಿಜವಾದ ಹೂವು ಮರಳಿತು. ತೋಳು, ಪಟ್ಟಿಗಳಿಲ್ಲದ ಗೌನುಗಳು ಬಂದಾಗ ಪಿನ್ನು ಚುಚ್ಚಲು ಜಾಗವಿಲ್ಲದೆ ಅದು ಮಣಿಕಟ್ಟಿಗೆ ಇಳಿಯಿತು. ಅಮೆರಿಕದಲ್ಲಿರುವ ನಿಮ್ಮ ಮೊಮ್ಮಗಳು ಪ್ರಾಮ್ ನೃತ್ಯದ ಫೋಟೋ ಕಳಿಸಿದರೆ ಅವಳ ಮಣಿಕಟ್ಟನ್ನೊಮ್ಮೆ ನೋಡಿ. ಈ ಕಥೆಯನ್ನೂ ಅವಳಿಗೆ ಹೇಳಿ.