ಜೋಡಿ ಕಟ್ಟುವ ಅಧಿಕಾರ: ಸೇಂಟ್ ಲೂಯಿಸ್ ಮತ್ತು ಮೈಸೂರಿನ ಕುಸ್ತಿ ವ್ಯವಸ್ಥೆಗಳು

ಕುಸ್ತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪೈಲ್ವಾನರ ಸೋಲು-ಗೆಲುವುಗಳ ಬೆನ್ನು ಹಿಡಿಯುತ್ತಾರೆ. ಯಾರ ಎದುರು ಯಾರು ಅಖಾಡಕ್ಕೆ ಇಳಿಯಬೇಕೆಂದು ಗೊತ್ತುಮಾಡುವವರ ಕಡೆಗೆ ಗಮನ ಹರಿದದ್ದು ಕಡಿಮೆ. ಆ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಪೈಪೋಟಿಯ ಸ್ವರೂಪವನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಅಧಿಕಾರ ಪ್ರೊಮೋಟರನದು. 1948ರಲ್ಲಿ ಅಯೋವಾದ ವಾಟರ್‌ಲೂನಲ್ಲಿ ಸೇರಿದ ಕೆಲವು ಪ್ರೊಮೋಟರುಗಳು ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್ ಕಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ಸೀಮೆ, ಎಲ್ಲರಿಗೂ ಒಬ್ಬನೇ ಚಾಂಪಿಯನ್. ಸೇಂಟ್ ಲೂಯಿಸ್‌ನ ಪ್ರಕರಣ ಇದರ ಒಳಗುಟ್ಟನ್ನು ಬಿಡಿಸಿಡುತ್ತದೆ. ಅಲ್ಲಿ ಟಾಮ್ ಪ್ಯಾಕ್ಸ್ ಅವರ ಬಳಿ ಕೆಲಸಕ್ಕಿದ್ದ ಸ್ಯಾಮ್ ಮಚ್ನಿಕ್ ಹೊರಬಂದು ಅದೇ ಊರಿನಲ್ಲಿ ಎದುರು ಕುಸ್ತಿ ನಡೆಸತೊಡಗಿದರು. 1948ರಲ್ಲಿ ಪ್ಯಾಕ್ಸ್ ವ್ಯವಹಾರ ಮಾರಿದಾಗ ಕೊಂಡವರ ಗುಂಪಿನಲ್ಲಿ ಪೈಲ್ವಾನ್ ಲೂ ಥೆಜ್ ಕೂಡ ಇದ್ದರು. ಮರುವರ್ಷ ಎರಡೂ ಬಣಗಳು ರಾಜಿಯಾದವು. ಅಲೈಯನ್ಸಿನ ಚಾಂಪಿಯನ್ ಆರ್ವಿಲ್ ಬ್ರೌನ್ ಅವರೊಡನೆ ಥೆಜ್ ಸೆಣಸುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಬ್ರೌನ್ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ಒಂದು ಪಟ್ಟೂ ಹಾಕದೆ ಪಟ್ಟ ಥೆಜ್ ಅವರದಾಯಿತು. ಒಕ್ಕೂಟ ಸೇರದ ಪ್ರೊಮೋಟರನಿಗೆ ಒಳ್ಳೆಯ ಪೈಲ್ವಾನರು ಸಿಗದಂತೆ ನೋಡಿಕೊಳ್ಳುವುದೇ ಇಲ್ಲಿ ಮುಖ್ಯ ಅಸ್ತ್ರವಾಗಿತ್ತು. ಈ ಏಕಸ್ವಾಮ್ಯದ ವಿರುದ್ಧ ಅಮೆರಿಕದ ನ್ಯಾಯ ಇಲಾಖೆ 1956ರಲ್ಲಿ ಮೊಕದ್ದಮೆ ಹೂಡಿತು; ಒಪ್ಪಂದದ ತೀರ್ಪಿನಲ್ಲಿ ಅದು ಮುಗಿಯಿತು.

ಮೈಸೂರಿನಲ್ಲೂ ಊರು ಊರಿನ ನಡುವೆ, ಗರಡಿ ಗರಡಿಯ ನಡುವೆ ಹುರುಡು ಉಂಟು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿಕೊಂಡು ಕಣಕ್ಕಿಳಿದ ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಜೋಡಿ ನಿಶ್ಚಯವಾಗುವುದು ಅರಮನೆಯಲ್ಲಿ. ದಸರಾ ನಾಡಕುಸ್ತಿಗಾದರೆ ಮುಂಚಿತವಾಗಿ ‘ಜೋಡಿ ಕಟ್ಟುವ ಕಾರ್ಯಕ್ರಮ’ವೇ ಇದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಅನುಭವ ತೂಗಿ, ಉಸ್ತಾದರು ಒಪ್ಪಿದ ಮೇಲೆ ಜೋಡಿ ಕೂಡುತ್ತದೆ. ತಕರಾರು ಇದ್ದರೆ ಎಲ್ಲರ ಕಣ್ಣೆದುರಿಗೇ ಎದ್ದು, ಅಲ್ಲೇ ತೀರಬೇಕು. ಪೈಲ್ವಾನನ ಹೆಸರಿನ ಜೊತೆಗೆ ಗರಡಿಯ ಹೆಸರನ್ನೂ ಕೂಗುವುದರಿಂದ, ಸೋತರೆ ಮಾನ ಹೋಗುವುದು ಇಡೀ ಗರಡಿಗೆ.

ಹೀಗೆ ಒಂದೆಡೆ ಸ್ಪರ್ಧೆ ಗಲ್ಲಾಪೆಟ್ಟಿಗೆಗಾಗಿ, ಇನ್ನೊಂದೆಡೆ ಗರಡಿಯ ಮರ್ಯಾದೆಗಾಗಿ. ಪರಿಣಾಮವೂ ಬೇರೆ. ಸೀಮೆ ಎಂಬುದು ಆಸ್ತಿಯಾಗಿದ್ದರಿಂದಲೇ 1984ರಲ್ಲಿ ಅಮೆರಿಕದ ಪ್ರೊಮೋಟರ್ ವಿನ್ಸ್ ಮೆಕ್‌ಮಹೋನ್ ಜಾರ್ಜಿಯಾ ಸೀಮೆಯ ಕುಸ್ತಿ ಕಂಪನಿಯ ಷೇರು ಕೊಂಡು ಅದರ ಟಿವಿ ಸಮಯವನ್ನೂ ವಶಪಡಿಸಿಕೊಳ್ಳಲು ಸಾಧ್ಯವಾಯಿತು. ಮೈಸೂರಿನಲ್ಲಿ ಕೊಳ್ಳಲು ಅಂಥ ಆಸ್ತಿಯೇ ಇರಲಿಲ್ಲ. ಆದರೆ ಮಾರಾಟಕ್ಕೆ ಸಿಗದ ಈ ವ್ಯವಸ್ಥೆ ಪೋಷಕರಿಲ್ಲದೆ ನಿಲ್ಲದು: ಅರಸರ ಜಾಗಕ್ಕೆ ದಸರಾ ಕುಸ್ತಿ ಉಪಸಮಿತಿ ಬಂದಿದೆ, ಜೋಡಿ ಕಟ್ಟುವ ದಿನಾಂಕ ಈಗ ಸರ್ಕಾರದ ಕಾರ್ಯಕ್ರಮ ಪಟ್ಟಿಯಲ್ಲಿ ಬರುತ್ತದೆ.