ಪುಸ್ತಕದಿಂದ ಎರಕಕ್ಕೆ: ಜಪಾನಿನ ಕರಾವಳಿ ರಕ್ಷಣೆಗೆ ಡಚ್ ವಿದ್ಯೆ (1808–1864)

ಜಪಾನಿನ ಸೈನಿಕ ಆಧುನೀಕರಣದ ಕಥೆಯನ್ನು 1853ರಲ್ಲಿ ಉರಾಗಾದ ಎದುರು ಲಂಗರು ಹಾಕಿದ ಅಮೆರಿಕದ ಪೆರಿಯ ಹಡಗುಗಳಿಂದ ಆರಂಭಿಸುವುದು ರೂಢಿ. ಬೇರು ಹುಡುಕಬೇಕಾದರೆ ನಾಗಾಸಾಕಿಗೆ, 1808ಕ್ಕೆ ಹೋಗಬೇಕು. ಆ ವರ್ಷ ಫೇಟನ್ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ಬಂದರಿನೊಳಕ್ಕೆ ನುಗ್ಗಿತು. ಡಚ್ಚರನ್ನು ಒತ್ತೆ ಹಿಡಿದು, ನೀರು, ದಿನಸಿ ವಸೂಲಿ ಮಾಡಿಕೊಂಡು ಹೊರಟುಹೋಯಿತು. ನಗರದ ಆಡಳಿತಾಧಿಕಾರಿ ಮತ್ಸುದೈರಾ ಯಾಸುಹಿದೆ ಹೊಣೆ ಹೊತ್ತು ಪ್ರಾಣ ಕಳೆದುಕೊಂಡರು. ಆ ವರ್ಷ ಬಂದರು ಕಾಯುವ ಸರದಿ ಸಾಗಾ ಸಂಸ್ಥಾನದ್ದಾಗಿತ್ತು. ಮುಂದೆ ಫಿರಂಗಿ ಎರಕದಲ್ಲಿ ಸಾಗಾ ತೋರಿದ ಹಟಕ್ಕೆ ಈ ಅವಮಾನವೇ ಮೂಲವೆಂದು ನನ್ನ ಅಭಿಪ್ರಾಯ.

ನಾಗಾಸಾಕಿಯ ಅಧಿಕಾರಿ ತಾಕಾಶಿಮಾ ಶೂಹಾನ್ ಆ ಬಂದರಿನ ಡಚ್ ವ್ಯಾಪಾರ ನೆಲೆಯಾದ ಡೆಜಿಮಾದಿಂದ ತೋಪುಗಳನ್ನೂ ಪುಸ್ತಕಗಳನ್ನೂ ತರಿಸಿಕೊಂಡು ಅಭ್ಯಾಸ ಮಾಡಿದರು. 1841ರಲ್ಲಿ ಎದೊ (ಇಂದಿನ ಟೋಕಿಯೊ) ಬಳಿಯ ತೊಕುಮಾರುಗಹರಾ ಬಯಲಿನಲ್ಲಿ ಪಾಶ್ಚಾತ್ಯ ಕವಾಯತು, ಗುಂಡು ಹಾರಿಸುವಿಕೆಯ ಪ್ರದರ್ಶನ ನೀಡಿದರು. ಮರುವರ್ಷವೇ ವಿರೋಧಿಗಳ ಪಿತೂರಿಯಿಂದ ಅವರು ಬಂಧನಕ್ಕೊಳಗಾದರು. ಆದರೂ ವಿದ್ಯೆ ನಿಲ್ಲಲಿಲ್ಲ. ಇಜು ಪ್ರಾಂತದ ನಿರಾಯಾಮಾದ ಆಡಳಿತಗಾರ ಎಗಾವಾ ಹಿದೆತಾತ್ಸು ಅದನ್ನು ಕಲಿತು, ಶಿಷ್ಯರಿಗೆ ಕಲಿಸಿದರು.

ಎರಕದ ಮಟ್ಟಿಗೆ ಎಲ್ಲರೂ ನಂಬಿದ್ದು ಒಂದೇ ಡಚ್ ಗ್ರಂಥವನ್ನು. ಲೀಜ್ ನಗರದ ಸರ್ಕಾರಿ ಕಬ್ಬಿಣದ ಫಿರಂಗಿ ಕಾರ್ಖಾನೆಯ ವಿಧಾನಗಳನ್ನು ವಿವರಿಸಿ ಉಲ್ರಿಖ್ ಹ್ಯೂಗೆನಿನ್ ಎಂಬ ಸೇನಾಧಿಕಾರಿ 1826ರಲ್ಲಿ ಪ್ರಕಟಿಸಿದ ಕೃತಿ ಅದು. ನಬೆಶಿಮಾ ನವೊಮಾಸಾ ಆಳುತ್ತಿದ್ದ ಸಾಗಾದಲ್ಲಿ ಅದರ ಅನುವಾದವನ್ನು ಮುಂದಿಟ್ಟುಕೊಂಡು 1850ರಲ್ಲಿ ಮೊದಲ ಪ್ರತಿಫಲನ ಕುಲುಮೆ ಕಟ್ಟಿದರು. ಸಾತ್ಸುಮಾ ಸಂಸ್ಥಾನ ಮತ್ತು ನಿರಾಯಾಮಾ ಅದೇ ದಾರಿ ಹಿಡಿದವು.

ಈ ಕುಲುಮೆಯಲ್ಲಿ ಇಂಧನ ಒಂದು ಗೂಡಿನಲ್ಲಿ, ಲೋಹ ಇನ್ನೊಂದರಲ್ಲಿ. ಎತ್ತರದ ಚಿಮಣಿ ಗಾಳಿಯನ್ನು ಸೆಳೆಯುತ್ತದೆ, ಜ್ವಾಲೆ ಕಮಾನು ಚಾವಣಿಗೆ ತಾಗಿ ಹೊಮ್ಮುವ ಶಾಖ ಕೆಳಗಿನ ಲೋಹವನ್ನು ಕರಗಿಸುತ್ತದೆ. ನಿರಾಯಾಮಾದಲ್ಲಿ ಸುಮಾರು 16 ಮೀಟರ್ ಎತ್ತರದ ಚಿಮಣಿಗಳು ಈಗಲೂ ನಿಂತಿವೆ. ಅಲ್ಲಿ ಎರಡು ಜೋಡಿ ಕುಲುಮೆಗಳನ್ನು ಒಂದಕ್ಕೊಂದು ಲಂಬವಾಗಿ ಇಟ್ಟಿದ್ದಾರೆ. ನಾಲ್ಕೂ ಬಾಯಿಗಳಿಂದ ಕರಗಿದ ಲೋಹವನ್ನು ನಡುವಿನ ಗುಂಡಿಯ ಒಂದೇ ಅಚ್ಚಿಗೆ ಹರಿಸಿ ದೊಡ್ಡ ಫಿರಂಗಿ ಎರೆಯುವುದು ಉದ್ದೇಶ. ಘನವಾಗಿ ಎರೆದ ದಿಂಡನ್ನು ಪಕ್ಕದ ಹೊಳೆಯ ನೀರುಚಕ್ರದ ಬಲದಿಂದ ಕೊರೆದು ನಳಿಗೆ ಮಾಡುತ್ತಿದ್ದರು. ಕೆಲಸ ಶುರುಮಾಡಿದ ಎಗಾವಾ 1855ರಲ್ಲಿ ತೀರಿಕೊಂಡರು. 1857ರಲ್ಲಿ ಮಗ ಅದನ್ನು ಪೂರೈಸಿದರು.

ಯುರೋಪಿನ ಕುಲುಮೆಯೊಂದನ್ನೂ ಕಣ್ಣಾರೆ ಕಾಣದವರು ನಕ್ಷೆ ನೋಡಿ ಇಷ್ಟನ್ನು ಕಟ್ಟಿದರು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆದರೆ ಕಬ್ಬಿಣದ ಗುಣ ನಕ್ಷೆಗೆ ಸಿಗುವಂಥದ್ದಲ್ಲ. ಕಬ್ಬಿಣ ಮರಳಿನಿಂದ ತೆಗೆದ ದೇಶೀ ಬೀಡು ಗಡುಸು, ಸುಲಭವಾಗಿ ಒಡೆಯುವಂಥದ್ದು. ಸಾಗಾದ ಮೊದಲ ಎರಕಗಳು ವಿಫಲವಾದವು. ಅಲ್ಲಿಯ ಕುಶಲಕರ್ಮಿಗಳು ಬಿಡದೆ ಪ್ರಯತ್ನಿಸಿಯೇ ಗಟ್ಟಿ ಕಬ್ಬಿಣದ ಫಿರಂಗಿಗಳನ್ನು ಪಡೆದರು.

ಕೋಟೆಯ ವಿನ್ಯಾಸ ಇಷ್ಟು ಕಾಡಲಿಲ್ಲ. ಪೆರಿ ಬಂದುಹೋದ ಮೇಲೆ ಎಗಾವಾ ಡಚ್ ಗ್ರಂಥಗಳ ಆಧಾರದ ಮೇಲೆ ಎದೊ ಎದುರಿನ ಶಿನಗಾವಾ ಕಡಲಿನಲ್ಲಿ 11 ಕೃತಕ ದ್ವೀಪಗಳ ಫಿರಂಗಿ ನೆಲೆಗಳನ್ನು ಯೋಜಿಸಿದರು. ಒಳನುಗ್ಗುವ ಹಡಗಿನ ಮೇಲೆ ಹಲವು ಕಡೆಯಿಂದ ಗುಂಡು ಬೀಳುವಂತೆ ಅವುಗಳ ಸ್ಥಾನ. ಗೊತೆನ್‌ಯಾಮಾ ಗುಡ್ಡ ಅಗೆದು ಮಣ್ಣು ಸುರಿದರು. 1854ರ ಕೊನೆಗೆ ಸಮುದ್ರದಲ್ಲಿ ಐದು ಪೂರ್ಣಗೊಂಡವು. ಹಣದ ಅಭಾವದಿಂದ ಉಳಿದವು ನಿಂತವು. ಹಾಕೊದಾತೆಯಲ್ಲಿ ತಾಕೆದಾ ಅಯಾಸಬುರೊ ರೂಪಿಸಿದ ನಕ್ಷತ್ರಾಕಾರದ ಗೊರ್ಯೊಕಾಕು ಕೋಟೆಗೂ ಅದೇ ಗತಿ: ಹೊರಗಿನ ಅರ್ಧಚಂದ್ರ ಕೊತ್ತಲ ಒಂದೇ ಒಂದು ಎದ್ದಿತು.

ಈ ವಿದ್ಯೆ ಕಾಲದಿಂದ ಹಿಂದೆ ಬಿದ್ದಿತ್ತು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ವ್ಯರ್ಥವಾಯಿತೆಂಬ ತೀರ್ಮಾನವನ್ನು ಒಪ್ಪಲಾರೆ. 1863ರ ಆಗಸ್ಟ್‌ನಲ್ಲಿ ಸಾತ್ಸುಮಾದ ರಾಜಧಾನಿ ಕಗೊಶಿಮಾದ ಮೇಲೆ ಬ್ರಿಟಿಷ್ ನೌಕಾಪಡೆ ದಾಳಿ ಮಾಡಿದಾಗ ಸಾತ್ಸುಮಾದ ದಡದ ಫಿರಂಗಿಯ ಗುಂಡೊಂದು ಮುಖ್ಯ ಹಡಗು ಯೂರಿಯಾಲಸ್‌ನ ಕಪ್ತಾನನನ್ನೂ ಅವನ ಪಕ್ಕದಲ್ಲಿದ್ದ ಅಧಿಕಾರಿಯನ್ನೂ ಕೊಂದಿತು. ನಗರದ ಒಂದು ಭಾಗ ಸುಟ್ಟುಹೋದರೂ ಬ್ರಿಟಿಷರು ಸೇನೆ ಇಳಿಸದೆ ಹಿಂದಿರುಗಿದರು. ಮರುವರ್ಷ ಶಿಮೊನೊಸೆಕಿಯಲ್ಲಿ ನಾಲ್ಕು ರಾಷ್ಟ್ರಗಳು ದಡಕ್ಕಿಳಿದು ಚೊಶೂ ಸಂಸ್ಥಾನದ ತೋಪುಗಳನ್ನೇ ಹೊತ್ತೊಯ್ದವು. ಪೆಟ್ಟು ತಿಂದ ಎರಡೂ ಸಂಸ್ಥಾನಗಳು ಪಶ್ಚಿಮದ ಶಸ್ತ್ರವಿದ್ಯೆಯನ್ನು ಬಿಡಲಿಲ್ಲ. ಸಾತ್ಸುಮಾ 1865ರಲ್ಲಿ ತನ್ನ ಯುವಕರನ್ನು ಗುಟ್ಟಾಗಿ ಇಂಗ್ಲೆಂಡಿಗೇ ಕಳುಹಿಸಿತು.